ಒಂದು ಸುಳ್ಳಿನ ಜಮಾಖರ್ಚು

ಕಮರಿಪೇಟೆಯಲ್ಲಿ ವಯಸ್ಸಾದ ಗಂಡಸು ದಪ್ಪ ಪುಸ್ತಕ ಹಿಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆ ಜನ ಎರಡೇ ಕಾರಣ ಊಹಿಸುತ್ತಾರೆ. ಒಂದು, ಆಸ್ತಿಯ ವ್ಯಾಜ್ಯ ಕೋರ್ಟು ಹತ್ತಿದೆ, ಕಾಯದೆ ಓದುತ್ತಿದ್ದಾನೆ. ಎರಡು, ಡಾಕ್ಟರು ಏನೋ ಹೇಳಿದ್ದಾರೆ, ಗರುಡಪುರಾಣ ಹಿಡಿದಿದ್ದಾನೆ. ಆತ ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ಕಥೆ ಓದುತ್ತಿರಬಹುದು ಎಂಬ ಮೂರನೆಯ ಕಾರಣ ನಮ್ಮ ಓಣಿಯ ಊಹೆಗೆ ಮೀರಿದ್ದು. ಹೀಗಾಗಿ ನಾನು ವಿಜ್ಞಾನ ಕಥೆ ಓದತೊಡಗಿದ ಹೊಸತರಲ್ಲಿ ಒಬ್ಬರು ಒಳ್ಳೆಯ ವಕೀಲರ ಹೆಸರು ಸೂಚಿಸಿದರು. ಇನ್ನೊಬ್ಬರು ದನಿ ತಗ್ಗಿಸಿ, ಶುಗರ್ ಎಷ್ಟಿದೆ ಎಂದು ವಿಚಾರಿಸಿದರು.

ಓದು ನನಗೆ ಹೊಸದಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು, ಕಂಪ್ಯೂಟರ್ ಬಂದ ಮೇಲೆ ಅದೇ ಲೆಡ್ಜರನ್ನು ಪರದೆಯ ಮೇಲೆ ನೋಡಿ, ಕನ್ನಡಕದ ನಂಬರು ಏರಿಸಿಕೊಂಡು ನಿವೃತ್ತನಾದವನು. ಹರೆಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಎಷ್ಟೋ ರಾತ್ರಿ ಲೈಟು ಉರಿಸಿ ಅಪ್ಪನಿಂದ ಬೈಸಿಕೊಂಡವನು. ಆಮೇಲೆ ‘ಕಸ್ತೂರಿ’. 1956ರಿಂದ ನಮ್ಮ ಹುಬ್ಬಳ್ಳಿಯಿಂದಲೇ ಹೊರಡುತ್ತಿರುವ ಈ ಮಾಸಿಕದ ಹಳೆಯ ಸಂಚಿಕೆಗಳು, ಪಾ.ವೆಂ. ಆಚಾರ್ಯರ ಕಾಲದವು, ಇನ್ನೂ ನಮ್ಮ ಅಟ್ಟದ ಮೇಲಿವೆ. ಅದರ ಕೊನೆಯಲ್ಲಿ ಬರುವ ಪುಸ್ತಕ ವಿಭಾಗದ ಕೃಪೆಯಿಂದ ದೇಶವಿದೇಶದ ದೊಡ್ಡ ದೊಡ್ಡ ಗ್ರಂಥಗಳನ್ನು ಪೂರ್ತಿ ಓದದೆಯೇ ಓದಿದವರ ಠೀವಿ ನನ್ನ ತಲೆಮಾರಿಗೆ ಬಂತು. ಆದರೆ ರಾಕೆಟ್ಟು, ರೋಬೋಟು, ಹಾರುವ ತಟ್ಟೆ ಇವೆಲ್ಲ ಹುಡುಗರ ಬಾಬತ್ತು ಎಂದು ಪುಟ ಮಗುಚಿಬಿಡುತ್ತಿದ್ದೆ.

ಆ ಬಾಬತ್ತು ನನ್ನ ಮನೆಗೆ ಬಂದದ್ದು ರಟ್ಟಿನ ಡಬ್ಬಿಯಲ್ಲಿ. ತಂಗಿಯ ಮಗ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಮುಗಿಸಿ ಪುಣೆಗೆ ನೌಕರಿಗೆ ಹೊರಟಾಗ ತಂದಿಟ್ಟ.

“ಮಾಮಾ, ಇವು ನಿಮ್ಮ ಕಡೆ ಇರ್ಲಿ. ರದ್ದಿಗೆ ಹಾಕಬ್ಯಾಡ್ರಿ.”

“ಏನದಾವೋ ಇದರಾಗ?”

“ಮುಂದ ಆಗೂದೆಲ್ಲಾ ಅದಾವ.”

“ಪಂಚಾಂಗೇನು?”

ಆತ ಉತ್ತರಿಸದೆ ರೈಲು ಹಿಡಿದ. ಇಂಥ ಪ್ರಶ್ನೆಗೆ ಉತ್ತರ ಹುಡುಕುವುದು ನಿವೃತ್ತರ ಕೆಲಸ. ಡಬ್ಬಿ ಬಿಚ್ಚಿದೆ.

ಪತ್ತೇದಾರಿ ಕಾದಂಬರಿ ಮೊದಲ ಪುಟದಲ್ಲಿ ಒಂದು ಹೆಣ ಕೊಡುತ್ತದೆ. ಸಾಮಾಜಿಕ ಕಾದಂಬರಿ ಒಬ್ಬ ಅತ್ತೆಯನ್ನು ಕೊಡುತ್ತದೆ. ಓದುಗನಿಗೆ ಹಿಡಿದುಕೊಳ್ಳಲು ಏನಾದರೊಂದು ಸಿಗುತ್ತದೆ. ವಿಜ್ಞಾನ ಕಥೆ ಮೊದಲ ಪುಟದಲ್ಲಿ ಕೊಡುವುದು ಯಾವ ನಿಘಂಟಿನಲ್ಲೂ ಇಲ್ಲದ ಐದಾರು ಹೆಸರು. ಯಾವುದು ಊರು, ಯಾವುದು ಮನುಷ್ಯ, ಯಾವುದು ಯಂತ್ರ ಎಂದು ತಿಳಿಯುವಷ್ಟರಲ್ಲಿ ಚಹಾ ಆರಿರುತ್ತದೆ. ನನ್ನ ಕೈಗೆ ಮೊದಲು ಸಿಕ್ಕಿದ್ದು ರಷ್ಯಾದ ಯೆವ್ಗೆನಿ ಜಮ್ಯಾತಿನ್ ಬರೆದ, 1924ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಕಾದಂಬರಿ. ಅದರ ನಾಯಕನ ಹೆಸರು ಡಿ-503. ಆತ ಮನಸೋಲುವುದು ಐ-330 ಎಂಬವಳಿಗೆ. ಭವಿಷ್ಯದ ಆ ರಾಜ್ಯದಲ್ಲಿ ಮನುಷ್ಯರಿಗೆ ಹೆಸರಿಲ್ಲ, ನಂಬರು ಮಾತ್ರ. ಲೇಖಕರು ಭಯ ಹುಟ್ಟಿಸಲೆಂದೇ ಹಾಗೆ ಬರೆದದ್ದು. ಆದರೆ ಜೀವಮಾನವಿಡೀ ಖಾತೆ ನಂಬರಿನ ಜೊತೆ ಸಂಸಾರ ಮಾಡಿದವನಿಗೆ ಭಯ ಎಲ್ಲಿಂದ ಬರಬೇಕು? ಡಿ-503ರ ಪ್ರೇಮ ನನ್ನ ಕಣ್ಣಿಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆಯಾಗಿ ಕಂಡಿತು. ಸಹಿ ತಾಳೆಯಾಗುತ್ತದೋ ಇಲ್ಲವೋ ಎಂಬ ಕುತೂಹಲದಿಂದಲೇ ಕೊನೆಯ ಪುಟದವರೆಗೆ ಹೋದೆ.

ಎರಡನೆಯ ತೊಡಕು ದೂರದ್ದು. ಈ ಕಥೆಗಳ ಜನ ಹತ್ತು ಜ್ಯೋತಿರ್ವರ್ಷ, ನೂರು ಜ್ಯೋತಿರ್ವರ್ಷ ಎಂದು ಗದಗಿಗೆ ಹೋಗಿಬಂದಷ್ಟು ಸಲೀಸಾಗಿ ಹೇಳುತ್ತಾರೆ. ಒಂದು ಜ್ಯೋತಿರ್ವರ್ಷವೆಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಲಕ್ಷ ಕೋಟಿ ಎಂಬ ಅಂಕಿಯನ್ನು ನಾನು ಸರಕಾರದ ಬಜೆಟ್ಟಿನಲ್ಲಿ ಮಾತ್ರ ಕಂಡವನು. ಕರ್ನಾಟಕದ 2025-26ರ ಬಜೆಟ್ಟು ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ಒಂದೇ ರೂಪಾಯಿಯಂತೆ ಟಿಕೆಟ್ ಇಟ್ಟರೂ, ಇಡೀ ರಾಜ್ಯದ ಎರಡು ವರ್ಷದ ಬಜೆಟ್ಟು ಸುರಿದರೂ, ಒಬ್ಬ ಪ್ರಯಾಣಿಕ ಒಂದು ಜ್ಯೋತಿರ್ವರ್ಷ ದಾಟಲಾರ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಇರುವುದೇ 4.24 ಜ್ಯೋತಿರ್ವರ್ಷ ಆಚೆ. ಹಿರಿಯ ನಾಗರಿಕರ ರಿಯಾಯಿತಿ ಹಿಡಿದರೂ ಲೆಕ್ಕ ಹೊಂದುವುದಿಲ್ಲ.

ಪುಣೆಗೆ ಫೋನು ಹಚ್ಚಿದೆ. “ಇವರೆಲ್ಲಾ ಹಿಂಗ ಸುಳ್ಳು ಬರದ್ರ ಹೆಂಗಪಾ ಓದೂದು?”

ಅಳಿಯ ನಕ್ಕ. “ಮಾಮಾ, ಬರಿಯಾಂವ ಒಂದ ಸುಳ್ಳು ಹೇಳ್ತಾನ. ಅದನ್ನ ಒಪ್ಕೊಂಡುಬಿಡ್ರಿ. ಎರಡನೇ ಸುಳ್ಳು ಹೇಳಿದ್ರ ಪುಸ್ತಕ ಮುಚ್ಚಿಬಿಡ್ರಿ.”

ಇಂಗ್ಲೆಂಡಿನ ಎಚ್.ಜಿ. ವೆಲ್ಸ್ ಕೂಡ ಹೆಚ್ಚುಕಡಿಮೆ ಇದೇ ನಿಯಮ ಇಟ್ಟುಕೊಂಡು ಬರೆದವರು ಎಂದು ಆಮೇಲೆ ತಿಳಿಯಿತು. ಈ ಸೂತ್ರ ಕೇಳಿದ್ದೇ ತಡ, ನನ್ನೊಳಗಿನ ಗುಮಾಸ್ತ ಎದ್ದು ಕೂತ. ವಿಜ್ಞಾನ ಕಥೆ ಎಂದರೆ ಲೆಡ್ಜರು. ಆರಂಭದ ಶಿಲ್ಕು ಯಾರೋ ಬರೆದು ಹೋಗಿದ್ದು, ಅದನ್ನು ಪ್ರಶ್ನಿಸುವ ಅಧಿಕಾರ ನಮಗಿಲ್ಲ. ಆದರೆ ಅಲ್ಲಿಂದ ಮುಂದೆ ಪ್ರತಿ ಜಮಾಕ್ಕೂ ಪ್ರತಿ ಖರ್ಚಿಗೂ ತಾಳೆ ಬೀಳಬೇಕು. ದಿನದ ಕೊನೆಗೆ ಒಂದು ಪೈಸೆ ಹೆಚ್ಚೂ ಬರಬಾರದು, ಕಡಿಮೆಯೂ ಬೀಳಬಾರದು. ಅಂದಿನಿಂದ ನಾನು ಓದುಗನ ಕುರ್ಚಿ ಬಿಟ್ಟು ಆಡಿಟರ ಕುರ್ಚಿಗೆ ಬಡ್ತಿ ಪಡೆದೆ.

ಮೊದಲು ತಪಾಸಣೆಗೆ ಒಳಗಾದವರು ಫ್ರಾನ್ಸಿನ ಜೂಲ್ಸ್ ವರ್ನ್. 1865ರಲ್ಲಿ ಅವರು ಮೂವರನ್ನು ಫ್ಲಾರಿಡಾದಿಂದ ಚಂದ್ರನತ್ತ ಹಾರಿಸಿದರು. ನೂರು ವರ್ಷ ಕಳೆದ ಮೇಲೆ ಅಮೆರಿಕದವರು ನಿಜವಾಗಿ ಹೋದದ್ದೂ ಅದೇ ಫ್ಲಾರಿಡಾದಿಂದ, ಹೋದವರೂ ಮೂವರು, ಮರಳಿ ಬಿದ್ದದ್ದೂ ವರ್ನ್ ಬೀಳಿಸಿದ ಪೆಸಿಫಿಕ್ ಸಾಗರದಲ್ಲಿಯೇ. ಇಷ್ಟಕ್ಕೆ ಪೂರ್ತಿ ಅಂಕ. ಆದರೆ ವರ್ನ್ ಅವರನ್ನು ಕಳಿಸಿದ್ದು 900 ಅಡಿ ಉದ್ದದ ತೋಪಿನ ಬಾಯಿಂದ, ಸೆಕೆಂಡಿಗೆ 11 ಕಿಲೋಮೀಟರಿನಷ್ಟು ವೇಗದಲ್ಲಿ. ಕ್ಯಾಲ್ಕುಲೇಟರ್ ತೆಗೆದೆ. ಅಷ್ಟು ಗಿಡ್ಡ ನಳಿಗೆಯಲ್ಲಿ ಅಷ್ಟು ವೇಗ ಬರಬೇಕೆಂದರೆ ಒಳಗಿನವರ ತೂಕ 22 ಸಾವಿರ ಪಟ್ಟು ಏರುತ್ತದೆ. 60 ಕಿಲೋದ ಮನುಷ್ಯ 1,320 ಟನ್ ತೂಗುತ್ತಾನೆ. ಗುಂಡು ಚಂದ್ರನನ್ನು ಮುಟ್ಟಬಹುದು, ಒಳಗಿನವರ ಬಾಬತ್ತು ಮಾತ್ರ ರೈಟ್ ಆಫ್ ಮಾಡಬೇಕಾಗುತ್ತದೆ.

ಇದೇ ವರ್ನ್ ಮಹಾಶಯರ ಇನ್ನೊಂದು ಖಾತೆ ನೋಡಿ ಮಾತ್ರ ಕನ್ನಡಿಗನಾಗಿ ಎದೆಯುಬ್ಬಿತು. ಸಮುದ್ರದ ತಳದಲ್ಲಿ ನಾಟಿಲಸ್ ಎಂಬ ಹಡಗು ನಡೆಸುವ ಕ್ಯಾಪ್ಟನ್ ನೆಮೊ ಯಾರು ಎಂಬ ಗುಟ್ಟನ್ನು ಅವರು ಬಿಟ್ಟುಕೊಟ್ಟದ್ದು 1875ರ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ. ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕರ್. 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸೋತು ಸಮುದ್ರ ಸೇರಿದವನು. ಸಂಬಂಧದಲ್ಲಿ ನಮ್ಮ ಟಿಪ್ಪು ಸುಲ್ತಾನನಿಗೆ ಸೋದರಳಿಯ! ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಹೆಣ್ಣು ಕೊಟ್ಟು ತಂದದ್ದು ಯಾವಾಗ, ಲಗ್ನ ಮಾಡಿಸಿದವರು ಯಾರು, ವರ್ನ್ ಹೇಳಿಲ್ಲ. ಆದರೆ ಬ್ರಿಟಿಷರ ಮೇಲೆ ರಾಕೆಟ್ ಹಾರಿಸಿದವನ ಮನೆತನದಲ್ಲಿ ಸಬ್‌ಮರೀನ್ ಕಟ್ಟುವ ಹುಡುಗ ಹುಟ್ಟಿದನೆಂದರೆ ನಾನು ಆಕ್ಷೇಪಣೆ ಎತ್ತುವುದಿಲ್ಲ. ಆಡಿಟರನಿಗೂ ಊರಿನ ಅಭಿಮಾನ ಇರುತ್ತದೆ.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದು. ಆದ್ದರಿಂದ ಚರ್ಚೆ ಸಾವಜಿ ಖಾನಾವಳಿಗೆ ಹೋಯಿತು. ಕಮರಿಪೇಟೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಎಸ್‌ಎಸ್‌ಕೆ ಸಮಾಜದ ಮನೆಗಳು ಹೆಚ್ಚು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಎಂಬುದು ಪೂರ್ತಿ ಹೆಸರು. ರೇಷ್ಮೆ ನೇಯ್ಗೆ ಅವರ ಹಿಂದಿನ ಕಸುಬು, ಸಾವಜಿ ಅಡುಗೆ ಅವರ ಇಂದಿನ ಕೀರ್ತಿ. ಖೀಮಾ ಉಂಡೆ, ಎಡ್ಮಿ, ಮೇಲೆ ಕೆಂಪು ಎಣ್ಣೆ ನಿಂತ ಮಟನ್ ಸಾರು, ಜೋಳದ ರೊಟ್ಟಿ. ಹೊಸಬ ಮೊದಲ ತುತ್ತಿಗೆ ಬೆವರುತ್ತಾನೆ, ಎರಡನೆಯದಕ್ಕೆ ಅಳುತ್ತಾನೆ, ಮೂರನೆಯದಕ್ಕೆ ಇನ್ನೊಂದು ಪ್ಲೇಟು ಹೇಳುತ್ತಾನೆ.

ಅಂಥ ಖಾನಾವಳಿಯ ಗಲ್ಲೆಯ ಮುಂದೆ ನಿಂತು 1898ರ ‘ಜಗತ್ತುಗಳ ಯುದ್ಧ’ ವಿವರಿಸಿದೆ. ವೆಲ್ಸ್ ಸೃಷ್ಟಿಸಿದ ಮಂಗಳದವರಿಗೆ ಮುಖವೇ ಮೈ, ಬಾಯಿಯ ಸುತ್ತ ಎಂಟೆಂಟರ ಎರಡು ಗೊಂಚಲಾಗಿ ಹದಿನಾರು ತೋಳು ಎಂದೆ. ಲಂಡನ್ನಿನ ಜನ ಹೌಹಾರಿ ಓಡಿದರು ಎಂದೆ. ಮಾಲಕರು ಚಿಲ್ಲರೆ ಎಣಿಸುತ್ತಲೇ ಕೇಳಿದರು.

“ಹದಿನಾರನ ಏನ್ರಿ, ಬ್ಯಾಂಕ್ ಸಾಹೇಬ್ರ? ನಮ್ಮ ಮೂಲಪುರುಷಗ ಸಾವಿರ ಇದ್ವು.”

ನನ್ನಲ್ಲಿ ಉತ್ತರವಿರಲಿಲ್ಲ. ಸಾವಿರ ತೋಳಿನ ಕಾರ್ತವೀರ್ಯಾರ್ಜುನನನ್ನು ವಂಶದ ಹಿರಿಯನೆಂದು ಪೂಜಿಸುವ ಓಣಿಯಲ್ಲಿ ಮಂಗಳದವರ ರೂಪದ ಬಗ್ಗೆ ಕೌತುಕ ಹುಟ್ಟಿಸುವುದು ಕಷ್ಟ. ಕಥೆಯ ಕೊನೆ ಹೇಳಿದೆ. ತೋಪಿಗೂ ಜಗ್ಗದ ಮಂಗಳದವರು ಕಡೆಗೆ ಭೂಮಿಯ ಸೂಕ್ಷ್ಮಜೀವಿಗಳಿಗೆ ಬಲಿಯಾಗಿ ಸತ್ತರು. ಅವರ ಗ್ರಹದಲ್ಲಿ ಅಂಥ ಜೀವಿಗಳೇ ಇರಲಿಲ್ಲವಾದ್ದರಿಂದ ಮೈಗೆ ತಡೆಯುವ ಶಕ್ತಿ ಬಂದಿರಲಿಲ್ಲ. ಈಗ ಮಾಲಕರು ಎಣಿಕೆ ನಿಲ್ಲಿಸಿದರು.

“ಇದು ಖರೇ ಐತಿ ನೋಡ್ರಿ. ಬ್ಯಾರೇ ಊರಿಂದ ಬಂದಾಂವ ಮೊದಲ ದಿನ ನಮ್ಮ ಸಾರು ಉಂಡು ಏನಾಗ್ತಾನ ಅಂಬೂದು ನಾ ದಿನಾ ನೋಡ್ತೀನಿ.”

1897ರ ‘ಅದೃಶ್ಯ ಮನುಷ್ಯ’ನಿಗೆ ಇನ್ನೂ ಒಳ್ಳೆಯ ಸ್ವಾಗತ ಸಿಕ್ಕಿತು. ಇಲ್ಲಿಯೂ ಸುಳ್ಳು ಒಂದೇ, ಮೈ ಗಾಜಿನಷ್ಟು ಪಾರದರ್ಶಕವಾಗುತ್ತದೆ. ಉಳಿದದ್ದೆಲ್ಲ ವೆಲ್ಸರ ಶಿಸ್ತಿನ ಲೆಕ್ಕ. ಮೈ ಕಾಣದಿದ್ದರೂ ಬಟ್ಟೆ ಕಾಣುತ್ತದೆ, ಆದ್ದರಿಂದ ಇಂಗ್ಲೆಂಡಿನ ಚಳಿಯಲ್ಲಿ ಬತ್ತಲೆ ಓಡಾಡಬೇಕು. ನೆಗಡಿಯಾಗುತ್ತದೆ, ಸೀನು ಗುಟ್ಟು ಬಿಟ್ಟುಕೊಡುತ್ತದೆ. ನಾಯಿಗೆ ವಾಸನೆ ಹತ್ತುತ್ತದೆ. ಉಂಡ ಅನ್ನ ಅರಗುವವರೆಗೆ ಹೊರಗೆ ಕಾಣುತ್ತದೆ. ಇದನ್ನು ಕೇಳಿ ಮಾಲಕರು ಬಹಳ ಸಮಾಧಾನಪಟ್ಟರು. ಖೀಮಾ ಉಂಡೆ ತಿಂದು ಬಿಲ್ಲು ಕೊಡದೆ ಅದೃಶ್ಯನಾಗುವುದು ಯಾರಿಂದಲೂ ಸಾಧ್ಯವಿಲ್ಲ ಎಂಬುದು ಅವರ ತೀರ್ಮಾನ. ವೆಲ್ಸರ ಲೆಕ್ಕದಲ್ಲೂ ಒಂದು ಬಾಕಿ ತೋರಿಸಿದವರು ರಷ್ಯಾದ ಯಾಕೊವ್ ಪೆರೆಲ್ಮನ್. ಬೆಳಕು ಕಣ್ಣಿನೊಳಗೆ ತಂಗದೆ ದಾಟಿಹೋದರೆ ಆ ಮನುಷ್ಯನಿಗೆ ನೋಟ ಎಲ್ಲಿಂದ ಬಂತು ಎಂದು ಅವರು ಕೇಳಿದರು. ನನಗಿಂತ ಮೊದಲೇ ಈ ಇಲಾಖೆಯಲ್ಲಿ ಆಡಿಟರು ಇದ್ದರೆಂದು ತಿಳಿದು ಸಂತೋಷವಾಯಿತು.

ಮನೆಯಲ್ಲಿ ಈ ಓದಿಗೆ ಬೆಲೆ ಬಂದದ್ದು ನೀರಿನಿಂದ. ನಮ್ಮೂರಿನಲ್ಲಿ ನಳಕ್ಕೆ ನೀರು ಬರುವುದು ಹಬ್ಬದ ಬಾಬತ್ತು. ಬಂದ ದಿನ ಓಣಿಯೇ ಎದ್ದು ನಿಲ್ಲುತ್ತದೆ. ಬ್ಯಾರಲ್ಲು, ಕೊಡ, ಬಕೆಟ್ಟು, ಕೊನೆಗೆ ಚಹಾದ ಪಾತ್ರೆಯವರೆಗೆ ತುಂಬಿದ ಮೇಲೆಯೇ ನನ್ನ ಹೆಂಡತಿ ಕೂಡುವುದು. ಹಾಗೆ ಕೂತಿದ್ದಾಗ ಫ್ರಾಂಕ್ ಹರ್ಬರ್ಟರ 1965ರ ‘ಡ್ಯೂನ್’ ಓದುತ್ತಿದ್ದ ನಾನು ಕಥೆ ಹೇಳಿದೆ. ಅರಾಕಿಸ್ ಎಂಬ ಗ್ರಹ ಪೂರ್ತಿ ಮರಳುಗಾಡು. ಅಲ್ಲಿಯವರು ತೊಡುವ ಅಂಗಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಸೋಸಿ ಮತ್ತೆ ಕುಡಿಯುವ ನೀರಾಗಿಸುತ್ತದೆ. ಒಬ್ಬರ ಮುಂದೆ ಉಗುಳುವುದು ಅಲ್ಲಿ ಅವಮಾನವಲ್ಲ, ಮೈಯ ನೀರನ್ನು ಕಾಣಿಕೆ ಕೊಟ್ಟ ಗೌರವ. ಸತ್ತವರಿಗಾಗಿ ಅತ್ತರೆ ಜನ ಬೆರಗಾಗುತ್ತಾರೆ, ಹೆಣಕ್ಕೆ ನೀರು ಕೊಟ್ಟರಲ್ಲ ಎಂದು.

ಹೆಂಡತಿ ಒಂದು ಮಾತೂ ಅಲ್ಲಗಳೆಯಲಿಲ್ಲ. “ಬರದಾಂವ ಹುಬ್ಬಳ್ಳ್ಯಾಗ ಇದ್ದನೇನ್ರಿ? ಆ ಅಂಗಿ ಎಷ್ಟಕ್ಕ ಬರ್ತೈತಿ ಕೇಳ್ರಿ ನಿಮ್ಮ ಅಳಿಯಗ.”

ಇದರಿಂದ ಧೈರ್ಯ ಬಂದು ರೊಕೆಯಾ ಸಖಾವತ್ ಹುಸೇನರ ‘ಸುಲ್ತಾನಾಳ ಕನಸು’ ಹೇಳಿದೆ. ಬಂಗಾಳದ ಈ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೆದ ಕಥೆ 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಹೆಂಗಸರ ರಾಜ್ಯ. ಗಂಡಸರು ಮನೆಯೊಳಗೆ ಪರದೆಯ ಹಿಂದೆ. ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಬಲೂನಿಗೆ ಕೊಳವೆ ಜೋಡಿಸಿ ಮೋಡದಿಂದ ನೇರವಾಗಿ ನೀರು ಎಳೆದುಕೊಳ್ಳುತ್ತದೆ, ಇನ್ನೊಂದು ವಿಶ್ವವಿದ್ಯಾಲಯ ಸೂರ್ಯನ ಶಾಖ ಕೂಡಿಡುತ್ತದೆ. ಇಡೀ ದಿನದ ಕಚೇರಿ ಕೆಲಸ ಎರಡು ತಾಸಿನಲ್ಲಿ ಮುಗಿಯುತ್ತದೆ. ಯಾಕೆಂದರೆ ದಿನಕ್ಕೆ ಹನ್ನೆರಡು ಚುಟ್ಟಾ ಸೇದುವ ಗಂಡಸು ಒಂದಕ್ಕೆ ಅರ್ಧ ತಾಸಿನಂತೆ ಆರು ತಾಸನ್ನು ಹೊಗೆಗೇ ಹಾಕುತ್ತಾನೆ ಎಂದು ಕಥೆಯಲ್ಲಿ ಲೆಕ್ಕವೇ ಇದೆ. ನನ್ನ ಬ್ಯಾಂಕಿನ ದಿನಗಳ ಚಹಾದ ಲೆಕ್ಕ ಹೊರಗೆ ಬರುವ ಮೊದಲು ನಾನು ಪುಸ್ತಕ ಮುಚ್ಚಿದೆ. ಲೆಕ್ಕ ತಾಳೆಯಾಗಿತ್ತು, ಅದೇ ತೊಂದರೆ.

ಇಷ್ಟರಲ್ಲಿ ಒಳಗಿನ ಕೋಣೆಯಿಂದ ಎಂಬತ್ತು ದಾಟಿದ ಅವ್ವ ಚರ್ಚೆಗೆ ಇಳಿದಳು. ದೀಪಾವಳಿಗೆ ಬಂದಿದ್ದ ಅಳಿಯ ನನಗೆ ಐನ್‌ಸ್ಟೈನ್ ಪಾಠ ಹೇಳುತ್ತಿದ್ದ. ಬೆಳಕಿನ ವೇಗದ ಶೇಕಡಾ 99ರಷ್ಟು ಜೋರಾಗಿ ಹೋಗುವ ನೌಕೆಯಲ್ಲಿ ಹತ್ತು ವರ್ಷ ಕಳೆದು ಬಂದವನಿಗೆ ಭೂಮಿಯ ಮೇಲೆ ಸುಮಾರು 71 ವರ್ಷ ಸಂದಿರುತ್ತವೆ, ಇದು ಕಥೆಯಲ್ಲ, ಗಣಿತ.

“ಇದೇನ್ ಹೊಸಾದು ಹೇಳ್ತೀಯೋ? ರೇವತಿ ಕತಿ ಇದು,” ಎಂದಳು ಅವ್ವ.

ಸಿದ್ಧಾರೂಢ ಮಠದ ಪ್ರವಚನಗಳನ್ನು ತಪ್ಪದೆ ಕೇಳಿದವಳು ಅವಳು. ರಾಜ ಕಕುದ್ಮಿ ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಅವಳನ್ನೇ ಕರೆದುಕೊಂಡು ಹೋದ. ಅಲ್ಲಿ ಹಾಡು ನಡೆದಿತ್ತು, ಮುಗಿಯಲೆಂದು ತುಸು ನಿಂತ. ಬ್ರಹ್ಮ ನಕ್ಕು, ನೀನು ಮನಸ್ಸಿನಲ್ಲಿಟ್ಟುಕೊಂಡ ವರಗಳೆಲ್ಲ ಸತ್ತು ಭೂಮಿಯ ಮೇಲೆ 27 ಚತುರ್ಯುಗ ಕಳೆದವು ಎಂದ. ಚತುರ್ಯುಗಕ್ಕೆ 43.2 ಲಕ್ಷ ವರ್ಷ. ಒಟ್ಟು 11 ಕೋಟಿ 66 ಲಕ್ಷ ಚಿಲ್ಲರೆ ವರ್ಷ. ಗವಾಯಿಗಳ ಬೈಠಕ್ಕಿಗೆ ಕೂತು ಹೊತ್ತು ಮರೆಯುವ ಹುಬ್ಬಳ್ಳಿ-ಧಾರವಾಡದವರಿಗೆ ಇದರಲ್ಲಿ ಅಸಂಭವ ಏನೂ ಕಾಣದು.

ಈ ಘಟ್ಟದಲ್ಲಿ ನಮ್ಮ ಓಣಿಯ ಕಟ್ಟೆಪಂಡಿತರು ಎದ್ದು, ನೋಡ್ರಿ, ಐನ್‌ಸ್ಟೈನ್ ನಮ್ಮಿಂದಲೇ ಕದ್ದದ್ದು, ಪುಷ್ಪಕ ವಿಮಾನವೂ ನಮ್ಮದೇ ಎಂದು ಹೇಳುವುದು ರೂಢಿ. ಆಡಿಟರಾಗಿ ನಾನು ಒಪ್ಪುವುದಿಲ್ಲ. ಪುಷ್ಪಕಕ್ಕೆ ಎಣ್ಣೆ ಎಷ್ಟು ಹಿಡಿಯಿತು, ರಿಪೇರಿ ಯಾರು ಮಾಡಿದರು ಎಂಬ ವೋಚರು ಇಲ್ಲ. ಪುರಾಣಕ್ಕೆ ವೋಚರಿನ ಅಗತ್ಯವೂ ಇಲ್ಲ, ಅದರ ಕೆಲಸ ಬೇರೆ. ಆದರೆ ರೇವತಿ ಕಥೆಯ ಬಾಲ ಕೇಳಿ ನಾನು ಮೆಚ್ಚಿದೆ. ಬ್ರಹ್ಮನ ಮಾತಿನಂತೆ ಅವಳನ್ನು ಬಲರಾಮನಿಗೆ ಕೊಟ್ಟರು. ಹಳೆಯ ಯುಗದ ಹೆಣ್ಣು, ಆಗಿನವರು ಎತ್ತರದ ಆಳುಗಳು. ವರನಿಗಿಂತ ವಧು ಬಹಳ ಉದ್ದವಾದಳು. ಬಲರಾಮ ನೇಗಿಲಿನಿಂದ ಒತ್ತಿ ಅವಳನ್ನು ಈಗಿನ ಅಳತೆಗೆ ಇಳಿಸಿಕೊಂಡ. ಹೆಣ್ಣುಮಕ್ಕಳ ಪರವಾಗಿ ಆಕ್ಷೇಪಣೆ ಇದೆ, ಅದು ಬೇರೆ. ಆದರೆ ಕಾಲ ಜಿಗಿದು ಬಂದರೆ ಎತ್ತರದಲ್ಲಿ ವ್ಯತ್ಯಾಸ ಬರಬೇಕಲ್ಲ ಎಂದು ಯೋಚಿಸಿದ ಆ ಹೆಸರಿಲ್ಲದ ಕಥೆಗಾರನಿದ್ದಾನಲ್ಲ, ಅವನು ವೆಲ್ಸನ ಜಾತಿಯವನು. ಸುಳ್ಳು ಒಂದೇ ಹೇಳಿದ, ಅದರ ಪರಿಣಾಮವನ್ನು ಖರ್ಚಿನ ಕಡೆ ಬರೆದಿಟ್ಟ.

ಕಾಲದ ಜಿಗಿತದಲ್ಲಿ ನನಗೆ ಕಂಡದ್ದು ಮಾತ್ರ ಬಡ್ಡಿ. ಒಂದು ಲಕ್ಷ ರೂಪಾಯಿ ಶೇಕಡಾ 7ರ ಚಕ್ರಬಡ್ಡಿಯಲ್ಲಿಟ್ಟು ಆ ನೌಕೆ ಹತ್ತಿದರೆ, ಹತ್ತು ವರ್ಷ ವಯಸ್ಸಾಗಿ ಇಳಿಯುವ ಹೊತ್ತಿಗೆ 71 ವರ್ಷದ ಬಡ್ಡಿ ಕೂಡಿ ಸುಮಾರು 1 ಕೋಟಿ 22 ಲಕ್ಷ! ವೆಲ್ಸ್ ಇದನ್ನೂ ಬಿಟ್ಟಿಲ್ಲ. ಅವರ ಒಂದು ಕಾದಂಬರಿಯ ನಾಯಕ 203 ವರ್ಷ ನಿದ್ದೆ ಮಾಡಿ ಏಳುವಷ್ಟರಲ್ಲಿ ಅವನ ಹಣಕ್ಕೆ ಬಡ್ಡಿ ಬೆಳೆದು ಲೋಕದ ಯಜಮಾನನೇ ಆಗಿರುತ್ತಾನೆ. ಅಳಿಯ ತಣ್ಣೀರೆರಚಿದ. “ಮಾಮಾ, ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗ್ತೈತಿ. ಮತ್ತ ನೀವು ನವೆಂಬರ್‌ದಾಗ ಜೀವಂತ ಇದ್ದೀನಂತ ಸರ್ಟಿಫಿಕೇಟ್ ಕೊಡದಿದ್ರ ಪೆನ್ಶನ್ನೂ ನಿಲ್ತೈತಿ.” ಬೆಳಕಿನ ವೇಗವನ್ನು ಮೀರಬಹುದು, ಜೀವನ ಪ್ರಮಾಣಪತ್ರವನ್ನು ಮೀರಲಾಗದು. ಈ ಅಂಶವನ್ನು ಯಾವ ಲೇಖಕನೂ ಗಮನಿಸಿಲ್ಲ.

ಇಷ್ಟೆಲ್ಲ ಓದುತ್ತ ಹೋದಂತೆ ಮನೆ ಹಿತ್ತಿಲಲ್ಲೇ ಇದ್ದ ಗಿಡವೂ ಕಣ್ಣಿಗೆ ಬಿತ್ತು. ನಮ್ಮ ಪಕ್ಕದ ಧಾರವಾಡದ ರಾಜಶೇಖರ ಭೂಸನೂರಮಠರು ‘ಆಪರೇಷನ್ ಯುಎಫ್‌ಓ’ ಬರೆದು ಕನ್ನಡದ ಹುಡುಗರನ್ನು ಆಕಾಶ ನೋಡಲು ಹಚ್ಚಿದವರು. ‘ಮನು’ ಎಂಬ ಹೆಸರಿನಿಂದ ಬರೆದ ಪಿ.ಎನ್. ರಂಗನ್ ‘ಮಹಾಸಂಪರ್ಕ’ದಲ್ಲಿ ಮಹಾಭಾರತಕ್ಕೂ ಆಕಾಶದಾಚೆಗೂ ಗಂಟು ಹಾಕಿದರು. ತೇಜಸ್ವಿಯವರ ‘ಕರ್ವಾಲೊ’ವನ್ನು ಯಾರೂ ವಿಜ್ಞಾನ ಕಥೆಯ ಕಪಾಟಿನಲ್ಲಿ ಇಡುವುದಿಲ್ಲ. ಆದರೆ ಒಂದು ಹಾರುವ ಓತಿಯ ಬೆನ್ನು ಹತ್ತಿ ವಿಜ್ಞಾನಿಯೂ ಹಳ್ಳಿಯ ಮಂದಣ್ಣನೂ ಒಟ್ಟಿಗೆ ಕಾಡು ಹೊಕ್ಕ ಆ ಕಥೆಯನ್ನು ಓದಿದ ಕನ್ನಡಿಗ ಪ್ರವೇಶ ಪರೀಕ್ಷೆ ಪಾಸಾದ ಹಾಗೆಯೇ.

ಹುಬ್ಬಳ್ಳಿಯವರಿಗೆ ಬೆಂಗಳೂರಿಗಿಂತ ಹತ್ತಿರವಾದ ಕೊಲ್ಲಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರರ ಕಥೆ ಇನ್ನೂ ಸೊಗಸು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ಇಟ್ಟಾಗ ಅವರು ಆಗಲೇ ಜಗತ್ತು ಬಲ್ಲ ಖಗೋಳ ವಿಜ್ಞಾನಿ. ಹೆಸರು ನೋಡಿ ಬಹುಮಾನ ಕೊಟ್ಟಾರೆಂದು ತಮ್ಮ ಇನಿಶಿಯಲ್ಲುಗಳನ್ನು ತಿರುಗಿಸಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಸುಳ್ಳು ಹೆಸರಿನಲ್ಲಿ ಕಪ್ಪುಕುಳಿಯ ಕಥೆ ಕಳಿಸಿದರು. ಜಗತಾಪರಿಗೇ ಮೊದಲ ಬಹುಮಾನ ಬಂತು. ಅವರಿಗಿಂತ ಹಿಂದೆ, 1896ರಲ್ಲಿ, ಜಗದೀಶಚಂದ್ರ ಬೋಸರು ಗೆದ್ದದ್ದು ಕೂದಲೆಣ್ಣೆ ತಯಾರಕರು ಏರ್ಪಡಿಸಿದ್ದ ಸ್ಪರ್ಧೆ. ಕೋಲ್ಕತ್ತಕ್ಕೆ ಬರಬೇಕಾದ ಚಂಡಮಾರುತ ಮಾಯವಾಗುತ್ತದೆ, ವಿಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಾರೆ. ಕಾರಣ, ಹಡಗಿನಲ್ಲಿದ್ದ ಬಕ್ಕತಲೆಯ ಪ್ರಯಾಣಿಕನೊಬ್ಬ ಮಗಳು ಕೊಟ್ಟ ಕೂದಲೆಣ್ಣೆಯ ಬಾಟಲಿಯನ್ನು ಸಮುದ್ರಕ್ಕೆ ಸುರಿದಿದ್ದ! ಎಣ್ಣೆ ನೀರಿನ ಅಲೆಯನ್ನು ತಗ್ಗಿಸುತ್ತದೆ ಎಂಬುದು ದಿಟ. ಸುಳ್ಳಿದ್ದದ್ದು ಒಂದು ಬಾಟಲಿಯಷ್ಟು ಮಾತ್ರ.

ಓದಿನ ಪರಿಣಾಮ ಈಗ ಹೊರಗೂ ಕಾಣುತ್ತಿದೆ. ಪಕ್ಕದ ಮನೆಯ ಹುಡುಗಿ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠವೆಂದು ಐಸಾಕ್ ಅಸಿಮೊವರ ಕಥೆಯೊಂದನ್ನು ತಂದಳು. 1951ರಲ್ಲಿ ಬರೆದದ್ದು, ಕಥೆ ನಡೆಯುವುದು 2157ರಲ್ಲಿ. ಮಗು ಮನೆಯಲ್ಲೇ ಯಂತ್ರದ ಮುಂದೆ ಕೂತು ಕಲಿಯುತ್ತದೆ, ಹಿಂದೆ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗುತ್ತಿದ್ದರಂತೆ ಎಂದು ಹೊಟ್ಟೆಕಿಚ್ಚುಪಡುತ್ತದೆ. ಹುಡುಗಿ ತಣ್ಣಗೆ ಹೇಳಿದಳು, “ಇದು ಕೊರೋನಾದಾಗ ಆಗೇತಲ್ರಿ ಅಜ್ಜಾರ.” ಅಸಿಮೊವ್ 137 ವರ್ಷ ತಡಮಾಡಿದರು. ನಮ್ಮ ಓಣಿಯ ಮಾಳಿಗೆಗಳ ಮೇಲಿನ ಟಿವಿ ಡಿಶ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವುದಕ್ಕೂ ಒಬ್ಬ ಕಥೆಗಾರನ ನಂಟಿದೆ. ಸುಮಾರು 36 ಸಾವಿರ ಕಿಲೋಮೀಟರ್ ಮೇಲಿಟ್ಟ ಉಪಗ್ರಹ ಭೂಮಿಯಿಂದ ನೋಡುವವರಿಗೆ ತ್ರಿಶಂಕುವಾಗಿ ಒಂದೇ ಕಡೆ ನಿಲ್ಲುತ್ತದೆ, ಅದರಿಂದ ಜಗತ್ತಿಗೆಲ್ಲ ಸಂದೇಶ ಕಳಿಸಬಹುದು ಎಂದು 1945ರಲ್ಲೇ ಲೇಖನ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಪೇಟೆಂಟ್ ಮಾಡಿಸಲಿಲ್ಲ. ಹುಬ್ಬಳ್ಳಿಯ ಯಾವ ವ್ಯಾಪಾರಿಯೂ ಈ ಒಂದು ವಿಷಯದಲ್ಲಿ ಅವರನ್ನು ಕ್ಷಮಿಸಲಾರ.

ಈಗ ಹೊಸದಾಗಿ ಓದಲು ಹೊರಟವರಿಗೆ ಆಡಿಟರನ ಸಲಹೆ. ಸಣ್ಣ ಕಥೆಯಿಂದ ಶುರು ಮಾಡಿ, ಆರುನೂರು ಪುಟದ ಗ್ರಹಕ್ಕೆ ಮೊದಲೇ ಇಳಿಯಬೇಡಿ. ಮೊದಲ ಪುಟದ ವಿಚಿತ್ರ ಹೆಸರುಗಳಿಗೆ ಹೆದರಬೇಡಿ, ಹೊಸ ಓಣಿಗೆ ಬಾಡಿಗೆಗೆ ಹೋದಾಗಲೂ ಯಾರ ಹೆಸರೂ ಗೊತ್ತಿರುವುದಿಲ್ಲ. ವಿಜ್ಞಾನ ಬರುವುದಿಲ್ಲ ಎಂದು ಹಿಂಜರಿಯಬೇಡಿ. ಬೇಕಾದದ್ದು ಲೆಕ್ಕ ಕೇಳುವ ಚಟವೊಂದೇ, ಅದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಬರೆದವನ ಮೊದಲ ಸುಳ್ಳನ್ನು ನಗುತ್ತ ಒಪ್ಪಿಕೊಳ್ಳಿ, ಎರಡನೆಯದಕ್ಕೆ ರಸೀದಿ ಕೇಳಿ. ಕೊಟ್ಟರೆ ಒಳ್ಳೆಯ ಪುಸ್ತಕ, ಕೊಡದಿದ್ದರೆ ರದ್ದಿ. ಓದಬೇಕೆನಿಸಿದವರು ಕಮರಿಪೇಟೆಗೆ ಬನ್ನಿ, ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಒಂದು ಸಲಕ್ಕೆ ಒಂದೇ ಪುಸ್ತಕ, ಒಯ್ಯುವ ಮುನ್ನ ರಿಜಿಸ್ಟರಿನಲ್ಲಿ ಸಹಿ ಕಡ್ಡಾಯ.